ನಲ್ಲಿ ನೀರಿನ ದೂರಿಗೊಂದು ನಂಬರ್ ಇರಲಿ

ಕಳೆದ ಮಳೆಗಾಲದ ಕೊನೆಯಲ್ಲಿ ಹತ್ತು ದಿನಗಳೊಳಗೆ ನನ್ನ ದವಾಖಾನೆಗೆ ಕಾಮಾಲೆಯ ಆರು ರೋಗಿಗಳು ಬಂದರು. ಹಳದಿ ಕಣ್ಣು, ಚಹಾದ ಬಣ್ಣದ ಮೂತ್ರ, ಅನ್ನದ ವಾಸನೆಗೇ ಓಕರಿಕೆ. ನಮ್ಮ ಮನೆಗಳ ಹಿರಿಯರು 'ಯರ್ಖಾನ್' ಎನ್ನುವ ಕಾಯಿಲೆಯೇ ಇದು. ಆರರಲ್ಲಿ ಐವರ ವಿಳಾಸ ಒಂದೇ ಅಡ್ಡರಸ್ತೆ. ಎಲ್ಲರಿಗೂ ರಕ್ತಪರೀಕ್ಷೆ ಬರೆದುಕೊಟ್ಟೆ. ಒಬ್ಬಾಕೆ ಏಳು ತಿಂಗಳ ಗರ್ಭಿಣಿ. ಅವಳನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರೆ ಪ್ರಾಣಕ್ಕೇ ಅಪಾಯ. ಅಲ್ಲಿ ಹಕೀಮನೂ ಕಾಯಬಾರದು, ಮನೆಯವರೂ ಕಾಯಬಾರದು.

"ನಲ್ಲಿ ನೀರು ಹೇಗಿದೆ?" ಎಂದು ಕೇಳಿದೆ. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ. ಒಂದೂವರೆ ತಿಂಗಳ ಹಿಂದೆ ಯಾರೋ ರಸ್ತೆ ಅಗೆದು ಹೋದರು, ಅಂದಿನಿಂದ ನೀರು ಬಿಟ್ಟ ಮೊದಲ ಹತ್ತು ನಿಮಿಷ ಚರಂಡಿ ವಾಸನೆ. ಹೇಳಲಿಲ್ಲವೇ ಎಂದರೆ, ಹೇಳಿದ್ದೇವೆ ಡಾಕ್ಟ್ರೇ, ಎಂದರು. ಒಬ್ಬರು ವಾರ್ಡಿನ ಸದಸ್ಯರಿಗೆ ಫೋನಿನಲ್ಲಿ, ಇನ್ನೊಬ್ಬರು ನೀರು ಬಿಡುವ ವಾಲ್ವ್‌ಮ್ಯಾನ್‌ಗೆ ದಾರಿಯಲ್ಲಿ, ಮತ್ತೊಬ್ಬರು ಒಂದು ಮದುವೆ ಊಟದಲ್ಲಿ ಅಧ್ಯಕ್ಷರಿಗೇ. ಕಾಗದದಲ್ಲಿ ಬರೆದು ಕೊಟ್ಟವರು ಒಬ್ಬರೂ ಇಲ್ಲ.

ನಾನು ನಗರಸಭೆಗೆ ಹೋದೆ. ಗುಮಾಸ್ತರು ಸೌಜನ್ಯದಿಂದಲೇ ದೂರು ಪುಸ್ತಕ ತೆರೆದು ತೋರಿಸಿದರು. ಆ ರಸ್ತೆಯಿಂದ ಇಡೀ ವರ್ಷದಲ್ಲಿ ನೀರಿನ ಬಗ್ಗೆ ಒಂದೇ ಒಂದು ದೂರಿಲ್ಲ. ಕಡತದ ಪ್ರಕಾರ ಊರಿನಲ್ಲಿ ಅತ್ಯುತ್ತಮ ನೀರು ಕುಡಿಯುವವರು ಆ ಐದು ಮನೆಯವರು!

ನೀರು ಕೆಡುವ ಬಗೆ ಸರಳವಾದದ್ದು. ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ನಿಲ್ಲಿಸಿದಾಗ ಪೈಪು ಖಾಲಿಯಾಗಿ ಒಳಕ್ಕೆ ಎಳೆಯತೊಡಗುತ್ತದೆ. ಮನೆ ಸಂಪರ್ಕದ ಪೈಪುಗಳು ಎಷ್ಟೋ ಕಡೆ ಚರಂಡಿಯ ಮೂಲಕವೇ ಹಾದುಹೋಗುತ್ತವೆ. ಜಾಯಿಂಟ್ ತುಕ್ಕು ಹಿಡಿದಿದ್ದರೆ ಅಥವಾ ಅಗೆತದಲ್ಲಿ ಸಡಿಲಾಗಿದ್ದರೆ ಚರಂಡಿಯ ನೀರು ಒಳಗೆ ಸೇರುತ್ತದೆ. ಮರುದಿನ ಆ ಕೊಳಕೇ ಮೊದಲು ನಮ್ಮ ಕೊಡಕ್ಕೆ ಬೀಳುತ್ತದೆ. ಆ ಲೈನಿಗೆ ಯಾರಾದರೂ ನೇರವಾಗಿ ಮೋಟಾರ್ ಹಚ್ಚಿದ್ದರೆ ಎಳೆತ ಇನ್ನೂ ಜೋರು. ನೆರೆಮನೆಯ ಟ್ಯಾಂಕ್ ತುಂಬುವ ಆತುರಕ್ಕೆ ಇಡೀ ಬೀದಿಯ ಹೊಟ್ಟೆ ಕೆಡುತ್ತದೆ. ಇದನ್ನು ನಗರಸಭೆಯ ತಲೆಗೆ ಕಟ್ಟುವಂತಿಲ್ಲ, ನಮ್ಮದೇ ಕೆಲಸ.

ಈಗ ದಿನಗಳ ಲೆಕ್ಕ ನೋಡಿ. ಕೆಟ್ಟ ನೀರು ಕುಡಿದ ದಿನವೇ ಕಾಮಾಲೆ ಬರುವುದಿಲ್ಲ. ಹೆಪಟೈಟಿಸ್ ಎ ಕಾಣಿಸಿಕೊಳ್ಳಲು ಎರಡರಿಂದ ಏಳು ವಾರ, ಇ ಕಾಣಿಸಿಕೊಳ್ಳಲು ಎರಡರಿಂದ ಹತ್ತು ವಾರ ಹಿಡಿಯಬಹುದು. ಟೈಫಾಯಿಡ್‌ಗೂ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅಂದರೆ ನನ್ನೆದುರು ಕುಳಿತ ರೋಗಿ ಕಳೆದ ತಿಂಗಳ ಸುದ್ದಿ. ವಾಸನೆ ಬಂದ ಮೊದಲ ದಿನ ಕೊಟ್ಟ ದೂರು ಮಾತ್ರ ಇಂದಿನ ಸುದ್ದಿ. ವೈದ್ಯನಿಗಿಂತ ನಾಲ್ಕು ವಾರ ಮುಂಚೆ ರೋಗವನ್ನು ಕಾಣಬಲ್ಲದ್ದು ನಗರಸಭೆಯ ದೂರು ಪುಸ್ತಕ. ಯಾವ ಲ್ಯಾಬಿಗೂ ಆ ಶಕ್ತಿಯಿಲ್ಲ. ಆದರೆ ಆ ಪುಸ್ತಕದಲ್ಲಿ ಬರೆದಿರಬೇಕು.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ. ಗಾಳಿ ಮೊದಲನೆಯದು, ತಿನ್ನುವುದು ಕುಡಿಯುವುದು ಎರಡನೆಯದು. ನಿದ್ದೆ, ನಡಿಗೆ, ಮನಸ್ಸಿನ ನೆಮ್ಮದಿಯ ಬಗ್ಗೆ ರೋಗಿಗೆ ಬುದ್ಧಿ ಹೇಳಬಹುದು. ಗಾಳಿ ಮತ್ತು ನೀರಿನ ವಿಷಯದಲ್ಲಿ ಮಾತ್ರ ನನ್ನ ಚೀಟಿಗಿಂತ ನಗರಸಭೆಯ ಇಂಜಿನಿಯರ್ ಹಾಕುವ ಸಹಿಗೆ ಹೆಚ್ಚು ಗುಣವಿದೆ.

ಇದಾದ ಮೇಲೆ ಒಂದು ದಿನ ಸಾಮಾನ್ಯ ಸಭೆಯನ್ನು ನೋಡಲು ಹೋಗಿ ಕುಳಿತೆ. ಹಿಂದಿನ ಸಭೆಯ ನಡಾವಳಿ, ಟೆಂಡರ್ ದರ, ಮಳಿಗೆ ಹರಾಜು, ಬೀದಿದೀಪದ ಬಿಲ್ಲು. ಇವೆಲ್ಲ ಬೇಡದ ವಿಷಯಗಳೆಂದು ನಾನು ಹೇಳುವುದಿಲ್ಲ. ಆದರೆ ಚರಂಡಿ, ನೀರು, ಕಸದ ಮಾತು ಬಂದದ್ದು ಕಟ್ಟಕಡೆಗೆ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಸಾಲಿನಲ್ಲಿ. ಅಷ್ಟರಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಮನೆಬಳಕೆಯ ನೀರು ಪೂರೈಕೆಯೂ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯವೂ ಆ ಪಟ್ಟಿಯಲ್ಲಿವೆ. 'ಇತರ ವಿಷಯಗಳು' ಎಂದು ಅಲ್ಲಿ ಬರೆದಿಲ್ಲ.

ನನ್ನ ಬೇಡಿಕೆ ಚಿಕ್ಕದು. 2012ರಿಂದ ನಮ್ಮ ರಾಜ್ಯದಲ್ಲಿ ಸಕಾಲ ಇದೆ. ಜನನ ಪ್ರಮಾಣಪತ್ರಕ್ಕೋ ಖಾತೆಗೋ ಅರ್ಜಿ ಕೊಟ್ಟರೆ ಸ್ವೀಕೃತಿ ಸಿಗುತ್ತದೆ, ಅದರಲ್ಲೊಂದು ಸಂಖ್ಯೆ, ಇಷ್ಟು ದಿನದೊಳಗೆ ಎಂಬ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು. ಎಷ್ಟು ಮಂದಿ ಆ ಹಣ ಕೇಳಿದ್ದಾರೋ, ನಾನಂತೂ ಕೇಳಿದವನಲ್ಲ. ಆದರೂ ಆ ಸಂಖ್ಯೆಗೆ ಒಂದು ತೂಕವಿದೆ. ಕುಡಿಯುವ ನೀರಿಗೆ ಚರಂಡಿ ಸೇರಿದೆ ಎಂಬ ದೂರಿಗೂ ಅದೇ ತೂಕ ಬರಲಿ. ಬಾಯಿಮಾತಿನಲ್ಲಿ ಹೇಳಿದರೂ, ಫೋನಿನಲ್ಲಿ ಹೇಳಿದರೂ ಸಿಬ್ಬಂದಿಯೇ ಬರೆದುಕೊಂಡು ನಂಬರ್ ಕೊಡಲಿ. ಮರುದಿನದೊಳಗೆ ಆ ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆಯಾಗಲಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ಕಿಟ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ದೂರು ಕೊಟ್ಟವರು ಸರಿಯಾಗಿದೆ ಎನ್ನುವವರೆಗೆ 'ಇತ್ಯರ್ಥ' ಎಂದು ಬರೆಯಬೇಡಿ. ಬೀದಿವಾರು ದೂರುಗಳ ಒಂದು ಪುಟದ ಪಟ್ಟಿ ಪ್ರತಿ ಸಾಮಾನ್ಯ ಸಭೆಯ ಮೊದಲ ವಿಷಯವಾಗಲಿ.

ಹೀಗೆ ಬರೆದುಕೊಳ್ಳುತ್ತ ಹೋದರೆ ದೂರುಗಳ ಪ್ರವಾಹವೇ ಬರುತ್ತದೆ, ಇರುವವರು ನಾಲ್ಕೇ ಜನ ಎಂದು ಅಧಿಕಾರಿಯೊಬ್ಬರು ನನಗೆ ಹೇಳಿದರು. ಸಿಬ್ಬಂದಿ ಕೊರತೆ ನಿಜ. ಗುತ್ತಿಗೆಯ ವಾಲ್ವ್‌ಮ್ಯಾನ್ ಮೇಲೆ, ಪೌರಕಾರ್ಮಿಕರ ಮೇಲೆ ಕೂಗಾಡುವವರನ್ನು ಕಂಡರೆ ನನಗೂ ಬೇಸರ. ಆದರೆ ಪ್ರವಾಹದ ಮಾತನ್ನು ಒಪ್ಪಲಾರೆ. ಇಪ್ಪತ್ತು ದೂರುಗಳನ್ನು ಬೀದಿವಾರು ಜೋಡಿಸಿದರೆ ಎಷ್ಟೋ ಸಲ ಕಾಣುವುದು ಒಂದೇ ಪೈಪು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಮಾಡಿದ್ದು ಇದನ್ನೇ. ಸತ್ತವರ ವಿಳಾಸಗಳನ್ನು ಕಲೆಹಾಕಿ, ಬಹುಪಾಲು ಮನೆಗಳು ಒಂದೇ ಪಂಪಿನ ಸುತ್ತ ಇರುವುದನ್ನು ಕಂಡ. ಸೆಪ್ಟೆಂಬರ್ 7ರ ಸಂಜೆ ಆ ಪ್ಯಾರಿಷ್‌ನ ಸ್ಥಳೀಯ ಮಂಡಳಿಯ ಮುಂದೆ ನಿಂತು ಹೇಳಿದ. ಮರುದಿನ ಪಂಪಿನ ಹಿಡಿ ತೆಗೆದರು. ಆ ಹೊತ್ತಿಗೆ ಕಾಯಿಲೆ ಇಳಿಮುಖವಾಗಿತ್ತು ಎಂಬುದೂ ನಿಜ. ಆತನ ವಾದವನ್ನು ಅನೇಕರು ಆಗ ನಂಬಿರಲೂ ಇಲ್ಲ. ಆದರೂ ಒಬ್ಬ ವೈದ್ಯನ ಮಾತಿಗೆ ಮಂಡಳಿ ಒಂದೇ ದಿನದಲ್ಲಿ ಕೈ ಚಾಚಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಂಡಳಿಯ ಅವಧಿ ಮುಗಿದು ಚುನಾವಣೆ ಮುಂದಕ್ಕೆ ಹೋದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಬೆಂಗಳೂರಿನಂಥ ಬೆಂಗಳೂರಲ್ಲೇ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿರಲಿಲ್ಲ. ಮದುವೆ ಊಟದಲ್ಲಿ ಹೇಳೋಣವೆಂದರೂ ಹೇಳಿಸಿಕೊಳ್ಳುವವರಿಲ್ಲ. ಆಗ ಕಾಗದವೊಂದೇ ಗತಿ.

ಕಾಗದ ಬರೆಯುವವರು ಯಾರು ಎಂಬುದೂ ಮುಖ್ಯ. ಬೆಳಗಿನ ಜಾವ ಕೊಡ ಹಿಡಿದು ನೀರಿನ ವಾಸನೆ ಮೊದಲು ಗುರುತಿಸುವವರು ಹೆಂಗಸರು. ಕಚೇರಿಗೆ ಹೋಗುವವರು ಗಂಡಸರು. ಸಂಜೆ ಮನೆಗೆ ಬಂದ ಗಂಡಸಿಗೆ ಆ ವಾಸನೆ ಒಂದು ಸಣ್ಣ ವಿಷಯ. ಬಾಡಿಗೆ ಮನೆಯವರಿಗೆ ಮಾಲೀಕರ ಭಯ, ನಲ್ಲಿ ಸಂಪರ್ಕದ ದಾಖಲೆ ಇಲ್ಲದವರಿಗೆ ಇರುವ ನೀರೂ ಹೋದೀತೆಂಬ ಭಯ. ಒಬ್ಬರ ಹೆಸರಿನಲ್ಲಿ ಬೇಡ, ಬೀದಿಯವರೆಲ್ಲ ಒಟ್ಟಾಗಿ ಸಹಿ ಹಾಕಿ. ಎಂದಿನಿಂದ, ಎಷ್ಟು ಹೊತ್ತಿಗೆ, ಬಣ್ಣವೋ ವಾಸನೆಯೋ, ಯಾವ ಕಂಬದ ಹತ್ತಿರ ಎಂದು ಬರೆಯಿರಿ. ಹೆಂಗಸರ ಸಹಿ ಇರಲಿ. ಸೀಲು ಹಾಕಿಸಿದ ಪ್ರತಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಪೈಪು ಸರಿಯಾಗುವವರೆಗೆ ಮೊದಲ ಹತ್ತು ನಿಮಿಷದ ನೀರು ಚೆಲ್ಲಿಬಿಡಿ, ಕುಡಿಯುವ ನೀರನ್ನು ಚೆನ್ನಾಗಿ ಮರಳುವಂತೆ ಕುದಿಸಿ. ಸ್ಫಟಿಕ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ತಿಳಿಯಾಗಿ ಕಂಡಿತೆಂದು ಮೋಸ ಹೋಗಬೇಡಿ.

ಆ ಅಡ್ಡರಸ್ತೆಯವರು ಕೊನೆಗೆ ಬರೆದರು. ಒಂಬತ್ತು ಸಹಿ, ಅದರಲ್ಲಿ ಐದು ಹೆಂಗಸರದ್ದು. ನಾಲ್ಕನೇ ದಿನ ಅಗೆದು ನೋಡಿದಾಗ ಚರಂಡಿಯೊಳಗೇ ಜಾಯಿಂಟ್ ಬಾಯಿ ಬಿಟ್ಟಿತ್ತು, ಬದಲಾಯಿಸಿದರು. ಅದಾದ ಮೇಲೂ ಮೂರು ವಾರಗಳಲ್ಲಿ ಇನ್ನಿಬ್ಬರಿಗೆ ಕಾಮಾಲೆ ಬಂತು. ನೋಡಿ, ಪೈಪು ಸರಿಮಾಡಿದರೂ ಕಾಯಿಲೆ ನಿಲ್ಲಲಿಲ್ಲ, ನೀರಿನದಲ್ಲ ತಪ್ಪು ಎಂದರು ಕೆಲವರು. ಆ ಇಬ್ಬರೂ ಕುಡಿದದ್ದು ಪೈಪು ಬದಲಾಗುವ ಮುಂಚಿನ ನೀರು ಎಂದು ಲೆಕ್ಕ ಹಾಕಿ ತೋರಿಸಬೇಕಾಯಿತು. ಗರ್ಭಿಣಿ ಹೆಣ್ಣುಮಗಳು, ಅಲ್ಹಮ್ದುಲಿಲ್ಲಾಹ್, ಚೇತರಿಸಿಕೊಂಡಳು.

ದೂರು ಪುಸ್ತಕದಲ್ಲಿ ಅದರ ಮುಂದೆ ಈಗ 'ಪೈಪ್ ದುರಸ್ತಿ, ಇತ್ಯರ್ಥ' ಎಂದಷ್ಟೇ ಇದೆ. ಎಂಟು ಜನರ ಕಾಯಿಲೆಗೆ ಅಲ್ಲಿ ಕಾಲಂ ಇಲ್ಲ. ಆ ಕಾಲಂ ಸೇರಿಸಿ, ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದಿಡಿ ಎಂದು ನಾನೂ ಒಂದು ಅರ್ಜಿ ಕೊಟ್ಟಿದ್ದೇನೆ. ಸೀಲು ಬಿದ್ದಿದೆ, ನಂಬರೂ ಸಿಕ್ಕಿದೆ. ಉತ್ತರ ಬರಬೇಕಷ್ಟೆ.