ಹಳೆಯ ಕಾಗದದ ಫೋಟೋ ಬಂದರೆ ಅದೇ ಸಾಕ್ಷಿಯೇ?

ಹಳದಿಗಟ್ಟಿದ ಕಾಗದದ ಫೋಟೋ, ಕೆಳಗೆ ‘ಇದೇ ಸಾಕ್ಷಿ’ ಎಂಬ ಸಾಲು. ಇಂಥ ಫಾರ್ವರ್ಡ್‌ಗಳು ನಮಗೂ ಬರುತ್ತವೆ. ಕಾಗದ ಹಳೆಯದಾಗಿ ಕಂಡರೆ ಸಾಕೇ? ಸಾಲದು. ಅದು ಎಲ್ಲಿಂದ ಬಂತು ಎಂಬುದೂ ಗೊತ್ತಿರಬೇಕು.

ಪತ್ರಾಗಾರಗಳ ಕೆಲಸವೇ ಅದು. ಇಂಗ್ಲೆಂಡಿನ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಅಲ್ಲಿನ ಮೊದಲ ಕೌಂಟಿ ದಾಖಲೆ ಕಚೇರಿ ಎಂದು ಹೆಸರಾದದ್ದು ಬೆಡ್‌ಫರ್ಡ್‌ಶೈರ್‌ನದು. 1913ರಲ್ಲಿ ಅದನ್ನು ಕಟ್ಟಿದ ಜಾರ್ಜ್ ಹರ್ಬರ್ಟ್ ಫೌಲರ್ ಪ್ರಾಣಿಶಾಸ್ತ್ರಜ್ಞರೂ ಆಗಿದ್ದರು. ಇಂಥ ಕಚೇರಿಗಳು ಚರ್ಚ್ ರಿಜಿಸ್ಟರ್, ಆಸ್ತಿಪತ್ರ, ನಕ್ಷೆಗಳನ್ನು ಯಾರು ಕೊಟ್ಟರೆಂದು ಬರೆದಿಟ್ಟು, ಮೂಲ ಕ್ರಮ ಕೆಡಿಸದೆ, ಪ್ರತಿಯೊಂದಕ್ಕೂ ಸಂಖ್ಯೆ ಕೊಡುತ್ತವೆ.

ಪತ್ರಾಗಾರದಲ್ಲಿ ಇದ್ದ ಮಾತ್ರಕ್ಕೆ ಬರೆದದ್ದೆಲ್ಲ ನಿಜವಾಗುವುದಿಲ್ಲ. ಆದರೆ ಸಂಖ್ಯೆ ಇದ್ದರೆ ಬೇರೆಯವರೂ ಮೂಲವನ್ನು ತೆಗೆಸಿ, ಹಿಂದುಮುಂದಿನ ಪುಟಗಳೊಂದಿಗೆ ಓದಬಹುದು. ಆದ್ದರಿಂದ ನಾವು ಮೊದಲು ಕೇಳುವುದು ಇಷ್ಟೇ: ಯಾವ ಕಚೇರಿ, ಯಾವ ಸಂಖ್ಯೆ? ಫಾರ್ವರ್ಡ್ ಒತ್ತುವ ಮುನ್ನ ನೀವೂ ಕೇಳಿ.