ಲಾರಿ ಹಿಡಿದರೆ ಸಾಲದು, ಮಹಜರಿಗೆ ಸಹಿ ಹಾಕೋಣ ಬನ್ನಿ!

ಪಡಿತರ ಚೀಟಿದಾರ ಬಂಧುಗಳೇ, ತಾಯಂದಿರೇ, ಹಮಾಲಿ ಅಣ್ಣಂದಿರೇ,

ಅನ್ನಭಾಗ್ಯದ ಅಕ್ಕಿ ತುಂಬಿದ ಲಾರಿ ಸಿಕ್ಕಿಬಿತ್ತು ಎಂದು ಸುದ್ದಿ ಬಂದ ದಿನ ನಾವೆಲ್ಲ ಏನು ಮಾಡುತ್ತೇವೆ? ಓಡಿಹೋಗಿ ಲಾರಿ ಸುತ್ತ ನಿಲ್ಲುತ್ತೇವೆ. ಮೊಬೈಲಿನಲ್ಲಿ ಫೋಟೊ ಹೊಡೆಯುತ್ತೇವೆ. ಡ್ರೈವರನಿಗೆ ಬಾಯಿಗೆ ಬಂದಂತೆ ಬೈಯುತ್ತೇವೆ, ಕೆಲವರು ಕೈಯನ್ನೂ ಎತ್ತುತ್ತಾರೆ. ಮಾರನೇ ದಿನ ಚೀಲಗಳ ಮುಂದೆ ನಿಂತ ಅಧಿಕಾರಿಗಳ ಚಿತ್ರವನ್ನು ಪೇಪರಿನಲ್ಲಿ ನೋಡಿ ಭಲೇ ಅನ್ನುತ್ತೇವೆ. ಆಮೇಲೆ? ಆ ಅಕ್ಕಿ ಎಲ್ಲಿಗೆ ಹೋಯಿತು, ಆ ಲಾರಿ ಈಗ ಯಾವ ರಸ್ತೆಯಲ್ಲಿ ಓಡುತ್ತಿದೆ, ಕೇಸು ಏನಾಯಿತು ಎಂದು ಕೇಳಿದವರು ಯಾರು?

ನಾವೂ ಕೇಳಿರಲಿಲ್ಲ. ಹಿಂದೊಮ್ಮೆ ನಮ್ಮ ಕಣ್ಣೆದುರೇ ಹಿಡಿದ ಲಾರಿಗೆ ಪಂಚರಾಗಿ, ಅಂದರೆ ಸ್ಥಳದ ಸಾಕ್ಷಿಗಳಾಗಿ, ಬನ್ನಿ ಎಂದು ಅಧಿಕಾರಿಗಳು ಕರೆದಾಗ ಅಷ್ಟು ದೊಡ್ಡ ಗುಂಪು ನೋಡನೋಡುತ್ತಲೇ ಕರಗಿಹೋಯಿತು. ಒಬ್ಬರಿಗೆ ಡೇರಿಗೆ ಹಾಲು ಹಾಕುವ ಹೊತ್ತು, ಇನ್ನೊಬ್ಬರಿಗೆ ಕೊನೇ ಬಸ್ಸು. ಕಡೆಗೆ ಸಹಿ ಹಾಕಿದ್ದು ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು. ಚೀಲ ಎಣಿಸಿದ್ದನ್ನು ಅವರು ನೋಡಿರಲೇ ಇಲ್ಲ. ಅಂಥ ಸಾಕ್ಷಿ ವಕೀಲರ ಎರಡನೇ ಪ್ರಶ್ನೆಗೇ ಮುಗ್ಗರಿಸುತ್ತದೆ.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ಜಪ್ತಿಯೆಂದರೆ ಮಾಲನ್ನು ಸದ್ಯಕ್ಕೆ ಹಿಡಿದಿಡುವುದು, ಅಷ್ಟೇ. ಅದು ಕಾಯಂ ಆಗಿ ಸರ್ಕಾರದ್ದಾಗುವುದು ಮುಟ್ಟುಗೋಲಿನ ಆದೇಶ ಬಂದ ಮೇಲೆ. ಇವೆರಡರ ನಡುವಿನ ದಾರಿಯನ್ನು 1955ರ ಅಗತ್ಯ ವಸ್ತುಗಳ ಕಾಯ್ದೆ ಹಾಕಿಕೊಟ್ಟಿದೆ. ಕಳ್ಳದಂಧೆಯವರು ಜಾರಿಕೊಳ್ಳುವುದು ಆ ದಾರಿಯಲ್ಲೇ.

ಮೊದಲನೆಯದಾಗಿ, ಹಿಡಿಯುವವರಿಗೆ ಹಿಡಿಯುವ ಅಧಿಕಾರ ಇರಬೇಕು. ಕಾಯ್ದೆಯ ಕೆಳಗೆ ಹೊರಟ ಪಡಿತರ ನಿಯಂತ್ರಣ ಆದೇಶದಲ್ಲಿ ಯಾವ ದರ್ಜೆಯವರಿಗೆ ಅಧಿಕಾರ ಕೊಟ್ಟಿದೆಯೋ ಅವರೇ ಜಪ್ತಿ ಮಾಡಬೇಕು. ಆದ್ದರಿಂದ ಹುಡುಗರೇ, ಲಾರಿ ಅಡ್ಡಗಟ್ಟಿ ನೀವೇ ಚೀಲ ಇಳಿಸಲು ಹೋಗಬೇಡಿ. ನಂಬರು ಬರೆದುಕೊಳ್ಳಿ, ಪಡಿತರ ಸಹಾಯವಾಣಿ 1967ಕ್ಕೆ ಫೋನ್ ಮಾಡಿ, ಆಹಾರ ನಿರೀಕ್ಷಕರಿಗೂ ಪೊಲೀಸರಿಗೂ ತಿಳಿಸಿ, ಅವರು ಬರುವವರೆಗೆ ದೂರದಲ್ಲಿ ನಿಂತು ಕಣ್ಣಿಡಿ. ನೀವು ಮುಟ್ಟಿದ ಒಂದೇ ಒಂದು ಚೀಲ ಸಾಕು, 'ಇವರೇ ತಂದು ಹಾಕಿದ್ದು' ಎಂದು ವಾದಿಸಲಿಕ್ಕೆ.

ಇನ್ನು ಮಹಜರು, ಅಂದರೆ ಪಂಚರ ಎದುರು ಸ್ಥಳದಲ್ಲೇ ಬರೆಯುವ ದಾಖಲೆ. ಇಡೀ ಕೇಸಿನ ಅಡಿಪಾಯವೇ ಅದು. ಗೋದಾಮನ್ನು ಶೋಧಿಸುವಾಗ ಅದೇ ಪ್ರದೇಶದ, ಯಾರ ಕಡೆಯೂ ವಾಲದ ಇಬ್ಬರಾದರೂ ಪಂಚರು ಸ್ಥಳದಲ್ಲಿರಬೇಕು. ಸಿಕ್ಕ ಮಾಲಿನ ಪಟ್ಟಿಯನ್ನು ಅವರ ಎದುರೇ ಬರೆದು ಸಹಿ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಇನ್ನೊಂದು ಮಾತು ಸೇರಿಸಿದೆ. ಶೋಧನೆ, ಜಪ್ತಿ, ಪಟ್ಟಿ ತಯಾರಿ, ಸಹಿ ಎಲ್ಲವನ್ನೂ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನಿಮ್ಮ ಮೊಬೈಲ್ ವಿಡಿಯೊ ವಾಟ್ಸಾಪಿನಲ್ಲಿ ಸುತ್ತಾಡುತ್ತದೆ. ಅಧಿಕಾರಿಗಳದು ಫೈಲಿಗೆ ಸೇರಬೇಕು. 'ಸಾರ್, ರೆಕಾರ್ಡಿಂಗ್ ಆಗುತ್ತಿದೆಯಾ?' ಎಂದು ಮರ್ಯಾದೆಯಿಂದ ಕೇಳಿ. ಕೇಳಿದರೆ ತಪ್ಪೇನಿಲ್ಲ.

ಪಂಚರಾಗಿ ನಿಂತವರು ಸುಮ್ಮನೆ ಸಹಿ ಹಾಕಿ ಬಂದುಬಿಡಬೇಡಿ. ಚೀಲ ನೀವೇ ಎಣಿಸಿ. ವೇಬ್ರಿಡ್ಜಿನ ತೂಕದ ಚೀಟಿ ನೋಡಿ. ಸರ್ಕಾರಿ ಗೋಣಿಯ ಮೇಲಿನ ಅಚ್ಚು ಹೇಗಿದೆಯೋ ಹಾಗೇ ಬರೆಸಿ. ಈಗಿನ ಚಾಲಾಕಿಗಳು ಗೋಣಿ ಬಿಚ್ಚಿ ಬಿಳಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, 'ಇದು ಗಿರಣಿ ಅಕ್ಕಿ ಸ್ವಾಮಿ' ಅನ್ನುತ್ತಾರೆ. ಆಗ ಒಂದು ಹಿಡಿ ಅಕ್ಕಿ ಬೊಗಸೆಗೆ ಹಾಕಿಕೊಳ್ಳಿ. ಸರ್ಕಾರಿ ಅಕ್ಕಿ ಸಾರವರ್ಧಿತವಾಗಿದ್ದರೆ ಅದರಲ್ಲಿ ನೂರು ಕಾಳಿಗೆ ಒಂದರಂತೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು ಇರುತ್ತದೆ. ನಮ್ಮ ಅಮ್ಮಂದಿರು 'ಪ್ಲಾಸ್ಟಿಕ್ ಅಕ್ಕಿ' ಎಂದು ಹೆದರಿ ಆರಿಸಿ ಎಸೆಯುತ್ತಾರಲ್ಲ, ಅದೇ ಕಾಳು. (ಎಸೆಯಬೇಡಿ ಅಮ್ಮ, ಅದು ರಕ್ತಹೀನತೆಗೆಂದು ಹಾಕಿದ್ದು.) ಅದು ಕಂಡರೆ ಸ್ಯಾಂಪಲ್ ತೆಗೆದು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ, ಮಹಜರಿನಲ್ಲೂ ನಮೂದಿಸಿ ಎಂದು ಹೇಳಿ.

ಪಂಚರಾದರೆ ಜನ್ಮವೆಲ್ಲ ಕೋರ್ಟಿಗೆ ಅಲೆಯಬೇಕೆಂಬ ಭಯ ಬೇಡ. ನ್ಯಾಯಾಲಯದಿಂದ ಸಮನ್ಸ್ ಬಂದರೆ ಮಾತ್ರ ಹೋಗಬೇಕು. ಅಧಿಕಾರಿ ಲಿಖಿತವಾಗಿ ಕರೆದ ಮೇಲೂ ಸಕಾರಣವಿಲ್ಲದೆ ನುಣುಚಿಕೊಂಡರೆ ಅದೇ ಅಪರಾಧವಾಗುತ್ತದೆ ಎಂಬುದೂ ತಿಳಿದಿರಲಿ.

ಜಪ್ತಿಯ ವರದಿ ವಿನಾಕಾರಣ ತಡವಾಗದೆ ಜಿಲ್ಲಾಧಿಕಾರಿಗೆ ಹೋಗಬೇಕು. ಅಗತ್ಯ ವಸ್ತುಗಳ ಕಾಯ್ದೆಯ 6ಎ ಕಲಂ ಪ್ರಕಾರ ಅಕ್ಕಿ, ಅದರ ಚೀಲ, ಅದನ್ನು ಹೊತ್ತ ಲಾರಿ ಮೂರನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು, ಕ್ರಿಮಿನಲ್ ಕೇಸು ಹೂಡಿರಲಿ ಬಿಡಲಿ. ಆದರೆ ಅದಕ್ಕೆ ಮೊದಲು 6ಬಿ ಪ್ರಕಾರ ಕಾರಣ ಕೇಳಿ ನೋಟಿಸ್ ಕೊಡಬೇಕು, ಉತ್ತರ ಪಡೆಯಬೇಕು, ಅಹವಾಲು ಕೇಳಬೇಕು. ಎಚ್ಚರ ವಹಿಸಿಯೂ ತನಗೆ ಗೊತ್ತಿಲ್ಲದೆ ಗಾಡಿ ಬಳಕೆಯಾಯಿತೆಂದು ಮಾಲೀಕ ಸಾಬೀತು ಮಾಡಿದರೆ ಗಾಡಿ ಬಿಡಬೇಕು. 'ಕಳ್ಳರಿಗೆ ಎಂಥ ನೋಟಿಸು?' ಎಂದು ಕೆಲವರು ಸಿಟ್ಟಾಗುತ್ತಾರೆ. ಸಿಟ್ಟು ನಮಗೂ ಇದೆ. ಆದರೆ ನೋಟಿಸ್ ಕೊಡದೆ ಹೊರಡಿಸಿದ ಆದೇಶ ಅಪೀಲಿನಲ್ಲಿ ಬಿದ್ದುಹೋದರೆ ಲಾರಿಯೂ ವಾಪಸು, ಅಕ್ಕಿಯ ದುಡ್ಡೂ ಬಡ್ಡಿ ಸಮೇತ ವಾಪಸು. ಬಡ್ಡಿ ಕಟ್ಟುವುದು ನಮ್ಮದೇ ಬೊಕ್ಕಸ.

ಹಿಡಿದ ಮಾಲು ಕೊಳೆಯಲು ಬಿಟ್ಟರೂ ಅಷ್ಟೇ. ಆಂಧ್ರದಲ್ಲಿ 1975ರಲ್ಲಿ ನಾಗೇಂದ್ರ ರಾವ್ ಎಂಬ ವ್ಯಾಪಾರಿಯ ಗೊಬ್ಬರ, ಧಾನ್ಯ ಜಪ್ತಿಯಾಯಿತು. ಗೊಬ್ಬರವನ್ನು ರೈತರಿಗೆ ಹಂಚಿ ಎಂದು ಆದೇಶವಿದ್ದರೂ ವಹಿಸಿಕೊಂಡ ಅಧಿಕಾರಿ ಕೈಕಟ್ಟಿ ಕುಳಿತರು, ಮಾಲು ಹಾಳಾಯಿತು. 1994ರಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳ ಈ ಅಲಕ್ಷ್ಯದ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು ಎಂದಿತು. ನಮ್ಮ ಗೋದಾಮಿನಲ್ಲಿ ಹುಳ ಬಿದ್ದ ಜಪ್ತಿ ಅಕ್ಕಿ ನೋಡಿದವರಿಗೆ ಈ ಕಥೆ ಹಳೆಯದೆನಿಸುವುದಿಲ್ಲ. ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಕೆಡುವ ಮಾಲನ್ನು ಮೊದಲೇ ಮಾರಲು, ದರ ನಿಗದಿಯಾದದ್ದನ್ನು ನ್ಯಾಯಬೆಲೆ ಅಂಗಡಿಯಲ್ಲೇ ಕೊಡಿಸಲು ಜಿಲ್ಲಾಧಿಕಾರಿ ಆದೇಶಿಸಬಹುದು.

ಇನ್ನೊಂದು ಮಾತು ಕಿವಿಯಲ್ಲಿ. ಆಸ್ಪತ್ರೆ ಖರ್ಚಿಗೋ ರಾಗಿಗೋ ಎಂದು ಎರಡು ಕೆ.ಜಿ. ಅಕ್ಕಿ ಮಾರಿದ ಅಜ್ಜಿಯನ್ನು ಬೀದಿಗೆಳೆದು ವಿಡಿಯೊ ಮಾಡುವುದು ಶೌರ್ಯವಲ್ಲ. ಮಾರುವುದು ತಪ್ಪೇ, ಮನೆಯಲ್ಲಿ ಕೂತು ತಿಳಿಹೇಳೋಣ. ನಮ್ಮ ಕಣ್ಣು ಇರಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಶಟರ್ ತೆಗೆಯುವ ಗೋದಾಮಿನ ಮೇಲೆ.

ಈಗ ಕೆಲಸ. ನಮ್ಮ ತಾಲ್ಲೂಕಿನಲ್ಲಿ ಕಳೆದ ಮೂರು ವರ್ಷ ಜಪ್ತಿಯಾದ ಅಕ್ಕಿ ಎಷ್ಟು, 6ಎ ಆದೇಶವಾದದ್ದು ಎಷ್ಟು, ಉಳಿದ ಮಾಲು ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳೋಣ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದ, ಹತ್ತು ರೂಪಾಯಿ ಶುಲ್ಕ. ಬಿಪಿಎಲ್ ಚೀಟಿಯವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಇದರ ಜೊತೆಗೆ ಬೀದಿಗೆ ನಾಲ್ವರಂತೆ, ಕರೆದಾಗ ಪಂಚರಾಗಿ ಬರುತ್ತೇವೆ ಎನ್ನುವವರ ಪಟ್ಟಿ ಮಾಡಿ ತಹಶೀಲ್ದಾರರ ಕೈಗೆ ಕೊಡೋಣ. ಹೆಂಗಸರ ಹೆಸರು ಮೊದಲು ಬರಲಿ, ಕ್ಯೂನಲ್ಲಿ ನಿಲ್ಲುವವರು ಅವರೇ ತಾನೇ?

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂತೆ ಮೈದಾನದ ಅರಳಿಕಟ್ಟೆಗೆ ಬನ್ನಿ. ಪಡಿತರ ಚೀಟಿಯ ಜೆರಾಕ್ಸ್, ಒಂದು ಪೆನ್ನು ತನ್ನಿ. ಅರ್ಜಿ ಬರೆಯಲು ಬಾರದವರಿಗೆ ಕಾಲೇಜು ಮಕ್ಕಳು ಬರೆದುಕೊಡುತ್ತಾರೆ. ಓದಿ ಮುಗಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ದಾಟಿಸಿ. ಬೋಂಡ ಕಟ್ಟಲು ಭಾನುವಾರದ ನಂತರ ಬಳಸಬಹುದು.

ಇಂತಿ,
ನಿಮ್ಮ ಬೀದಿಯ ಪಡಿತರ ಚೀಟಿದಾರರು