ಪಿಎಫ್ ದುಡ್ಡು ಯಾರ್ದು?

ಮಗಳು ಗಾರ್ಮೆಂಟ್ಸ್‌ಗೆ ಹೋಯ್ತಾವ್ಳೆ ಅಂದ್ರೆ ನಮ್ ಕಡೆ "ಏನೋ, ಮನೆ ಖರ್ಚಿಗೆ ಆಯ್ತದೆ ಕಣವ್ವ" ಅಂದ್ಬುಡ್ತೀವಿ. ಆ "ಏನೋ" ಅನ್ನೋ ಮಾತು ನಂಗೆ ಒಪ್ಗೆ ಇಲ್ಲ. ಹೊಗೆಸೊಪ್ಪಿನ ಕೂಲಿ ಸೀಜನ್ ಮುಗುದ್ರೆ ಮುಗೀತು. ಮಿಷನ್ ಮುಂದೆ ಕೂರೋ ಹುಡ್ಗಿಗೆ ಸಂಬಳದ ಜೊತೆ ಪಿಎಫ್ ಅನ್ನೋ ಗಂಟೂ ಬೆಳೀತದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 100 ರೂಪಾಯಿಗೆ 12 ರೂಪಾಯಿ ಅವಳದ್ದು, ಅಷ್ಟೇ ಕಂಪ್ನಿಯೋರದ್ದು. ಕಂಪ್ನಿ ಪಾಲಲ್ಲಿ ಹೆಚ್ಚಿನದು ಪಿಂಚಣಿಗೆ ಹೋಯ್ತದೆ.

ಈ ಗಂಟಿನ ಬೆಲೆ ಊರಿಗೆಲ್ಲ ಗೊತ್ತಾಗಿದ್ದು 2016ರಲ್ಲಿ. ಕಂಪ್ನಿ ಹಾಕಿದ ಪಾಲನ್ನ 58 ವರ್ಷ ಆಗೋವರ್ಗೂ ತೆಗೆಯಂಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂತು. ಸೊಂಟನೋವು, ಕಣ್ಣುರಿ, ಬಾಣಂತನ, ಇಷ್ಟೆಲ್ಲ ದಾಟಿ 58ರವರ್ಗೂ ಮಿಷನ್ ತುಳಿಯೋರು ಎಷ್ಟು ಜನ? ಏಪ್ರಿಲ್ 18, 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಸಾವಿರಾರು ಜನ ಇಳುದ್ರು, ಬಹುಪಾಲು ಹೆಂಗಸರೇ. ಲಾಠಿ ಏಟು ಬಿತ್ತು, ಬಸ್ಸಿಗೆ ಬೆಂಕಿನೂ ಬಿತ್ತು. 19ರಂದೇ ಸರ್ಕಾರ ನಿಯಮ ವಾಪಸ್ ತಗೊಳ್ತು. ಒಂದೊಂದು ರೂಮಲ್ಲಿ ನಾಲ್ಕೈದು ಜನ ಇದ್ಕೊಂಡು ದುಡಿಯೋ ಹೆಣ್ಮಕ್ಳು ಆ ಪೇಟೆಯ ಕಣ್ಣಿಗೆ ಬಿದ್ದಿದ್ದು ಟ್ರಾಫಿಕ್ ನಿಂತಾಗ್ಲೇ.

ಸರ್ಕಾರದ ಮುಂದೆ ಗೆದ್ದೋರು ಮನೇಲಿ ಸೋಲ್ತಾವ್ರೆ. ಮದುವೆ ಗೊತ್ತಾದ್ರೆ ಕೆಲ್ಸ ಬಿಡಿಸ್ತೀವಿ, ಪಿಎಫ್ ತೆಗುಸ್ತೀವಿ. ಅದು ಛತ್ರದ ಬಾಡಿಗೆಗೋ, ಅಣ್ಣನ ಬೋರ್‌ವೆಲ್ಲಿಗೋ, ಗಂಡಿನ ಬೈಕಿಗೋ ಹೋಯ್ತದೆ. ಅವಳನ್ನ ಒಂದು ಮಾತು ಕೇಳೋರಿಲ್ಲ.

"ಕಷ್ಟಕಾಲಕ್ಕೆ ಆಗದ ದುಡ್ಡು ಯಾತಕ್ಕೆ?" ಅಂತೀರಾ. ಸರಿ, ಆಸ್ಪತ್ರೆ ಖರ್ಚು ಬಂದ್ರೆ ತೆಗೀಲೇಬೇಕು. ಆದ್ರೆ ತೆಗೆಯೋದೋ ಬಿಡೋದೋ ಅವಳೇ ಹೇಳ್ಲಿ. ಪಿಂಚಣಿ ಸಿಗಕ್ಕೆ 10 ವರ್ಷದ ಸರ್ವಿಸ್ ಬೇಕು. ಫ್ಯಾಕ್ಟ್ರಿ ಬದ್ಲಾಯ್ಸಿದಾಗೆಲ್ಲ ಪಿಂಚಣಿ ಪಾಲನ್ನೂ ಸೇರಿಸಿ ಬಳ್ಕೊಂಡ್ರೆ ಲೆಕ್ಕ ಮತ್ತೆ ಒಂದರಿಂದ ಶುರು. ಯುಎಎನ್ ಅನ್ನೋ ನಂಬರು ಒಂದೇ ಇರ್ತದೆ, ಹಳೇ ಖಾತೆಯನ್ನ ಹೊಸ ಫ್ಯಾಕ್ಟ್ರಿಗೆ ವರ್ಗ ಮಾಡಿಸ್ಕೊಂಡ್ರೆ ಸರ್ವಿಸ್ ಕೂಡ್ತಾ ಹೋಯ್ತದೆ.

ಒಡವೆ ಕೊಟ್ಟು ಕಳ್ಸೋವಾಗ "ಜೋಪಾನ ಕಣೆ" ಅಂತೀವಲ್ಲ, ಈ ನಂಬರಿಗೂ ಹಂಗೇ ಹೇಳಿ ಕಳ್ಸಿ. ಅದಕ್ಕೆ ಜೋಡಿಸಿರೋ ಫೋನು ಅವಳದ್ದೇ ಆಗಿರ್ಲಿ, ಗಂಡಂದಲ್ಲ. ನಿಮ್ಮನೇಲಿ ಗಾರ್ಮೆಂಟ್ಸ್‌ಗೆ ಹೋಗೋ ಮಗಳೋ ಸೊಸೆಯೋ ಇದ್ರೆ ಇವತ್ತೇ ಕೇಳಿ, ಅವಳ ಖಾತೇಲಿ ಎಷ್ಟದೆ ಅಂತ ಅವಳಿಗೇ ಗೊತ್ತಾ ಅಂತ.